ಗಾಳಿ ಬೀಸದ ದಿನವೂ ಬರೆಯಬೇಕು: ಹಾಯಿದೋಣಿ ಸ್ಪರ್ಧೆಯಲ್ಲಿ ಸಂವಹನದ ಕೆಲಸ

ಪ್ರಶ್ನೆ: ಪತ್ರಿಕೋದ್ಯಮ ಓದಿ, ಕೆಲವು ವರ್ಷಗಳಿಂದ ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಅಂತರರಾಷ್ಟ್ರೀಯ ಮಟ್ಟದ ವೃತ್ತಿಪರ ಹಾಯಿದೋಣಿ ಸ್ಪರ್ಧೆಯೊಂದರ ಮಾರ್ಕೆಟಿಂಗ್ ಮತ್ತು ಸಂವಹನ ವಿಭಾಗದಿಂದ ಸಂದರ್ಶನಕ್ಕೆ ಕರೆ ಬಂದಿದೆ. ನನಗೆ ದೋಣಿ ನಡೆಸಲು ಬರುವುದಿಲ್ಲ, ಆಟದ ನಿಯಮಗಳೂ ಗೊತ್ತಿಲ್ಲ. ಸ್ಪರ್ಧೆ ಮುಗಿದ ಮೇಲೆ ಕೆಲಸವೂ ಮುಗಿಯುತ್ತದೆ ಎಂದು ಹೆದರಿಸುವವರಿದ್ದಾರೆ. ಅಲ್ಲಿ ನಿಜವಾಗಿ ಮಾಡಬೇಕಾದ ಕೆಲಸ ಏನು? ನನ್ನಂಥವರು ಹೋಗಬಹುದೇ?

ಉತ್ತರ: ಹೋಗಬಹುದು, ಹೋಗಲೇಬೇಕು ಎಂಬುದು ನನ್ನ ಅಭಿಪ್ರಾಯ. ದೋಣಿ ನಡೆಸಲು ಬಾರದಿರುವುದು ಈ ಕೆಲಸಕ್ಕೆ ಅಡ್ಡಿಯಲ್ಲ. ನಾನು ಕಂಡ ಒಳ್ಳೆಯ ಸಂವಹನಕಾರರಲ್ಲಿ ಹಲವರು ಹಾಯಿಯ ಹಗ್ಗವನ್ನು ಕೈಯಲ್ಲಿ ಹಿಡಿದವರಲ್ಲ. ಎಳವೆಯಿಂದ ದೋಣಿಯಲ್ಲೇ ಬೆಳೆದವರಿಗೆ ಬೇರೊಂದು ತೊಡಕಿದೆ. ನೋಡುವವರಿಗೆ ಏನು ಅರ್ಥವಾಗುತ್ತಿಲ್ಲ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ನಿಮಗೆ ಹೊಳೆಯುತ್ತದೆ, ಏಕೆಂದರೆ ನಿಮಗೂ ಅರ್ಥವಾಗಿರುವುದಿಲ್ಲ. ಈ ಅನುಕೂಲ ಮೊದಲ ಕೆಲವು ತಿಂಗಳು ಮಾತ್ರ. ಅಷ್ಟರೊಳಗೆ ತಲೆಗೆ ಬಂದ ಪ್ರಶ್ನೆಗಳನ್ನೆಲ್ಲ, ಎಷ್ಟೇ ಸಣ್ಣದೆನಿಸಿದರೂ, ಬರೆದಿಡಿ. ಮುಂದೆ ಪ್ರೇಕ್ಷಕರಿಗಾಗಿ ಬರೆಯುವಾಗ ಆ ಟಿಪ್ಪಣಿಗಳೇ ನಿಮ್ಮ ಬಂಡವಾಳ.

ಈ ಆಟವನ್ನು ಜನರಿಗೆ ತಲುಪಿಸುವುದು ಕಷ್ಟ, ಆ ಕಷ್ಟದಿಂದಲೇ ನಿಮ್ಮ ಹುದ್ದೆ ಹುಟ್ಟಿದೆ. ಇಲ್ಲಿ ಎಲ್ಲವನ್ನೂ ನಿರ್ಧರಿಸುವ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಯಾವ ದೋಣಿಯೂ ಗಾಳಿಗೆ ನೇರ ಎದುರಾಗಿ ಸಾಗಲಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹೊರಳುತ್ತ ಮೇಲೇರಬೇಕು. ಆದ್ದರಿಂದ ಒಂದಕ್ಕೊಂದು ಬೆನ್ನು ತಿರುಗಿಸಿ ಹೊರಟಂತೆ ಕಾಣುವ ಎರಡು ದೋಣಿಗಳು ಓಟದ ದಾರಿ ತೋರಿಸಲು ನೀರಿನಲ್ಲಿ ಇಟ್ಟ ಒಂದೇ ತೇಲುಗುರುತಿನತ್ತ ಹೊರಟಿರಬಹುದು. ದಡದಲ್ಲಿ ನಿಂತವರಿಗೆ ಯಾರು ಮುಂದಿದ್ದಾರೆ ಎಂದು ತಿಳಿಯುವುದಿಲ್ಲ. ಅಂಕದ ಲೆಕ್ಕವೂ ಹೊಸಬರಿಗೆ ತಿರುವುಮುರುವಾಗಿ ಕಾಣುತ್ತದೆ. ಹಲವು ಓಟಗಳು ಸೇರಿದ ದೋಣಿ ಸ್ಪರ್ಧೆಯನ್ನು ರೆಗಟ್ಟಾ ಎನ್ನುತ್ತಾರೆ. ಹೆಚ್ಚಿನ ರೆಗಟ್ಟಾಗಳ ಪ್ರತಿ ಓಟದಲ್ಲಿ ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು. ಕೊನೆಯಲ್ಲಿ ಯಾರ ಅಂಕ ಕಡಿಮೆಯೋ ಅವರೇ ಚಾಂಪಿಯನ್.

ಈ ಕಷ್ಟವನ್ನು ನೀಗಲು ಹಲವರು ತಮ್ಮ ವೃತ್ತಿಜೀವನವನ್ನೇ ಕೊಟ್ಟಿದ್ದಾರೆ. ಹಾಯಿದೋಣಿ ಲೋಕದ ಹೆಸರಾಂತ ಸ್ಪರ್ಧೆಯಾದ ಅಮೆರಿಕಾಸ್ ಕಪ್‌ನ 1992ರ ಆವೃತ್ತಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್ ನಗರದ ಅನಿಮೇಷನ್ ರಿಸರ್ಚ್ ಎಂಬ ಸಂಸ್ಥೆ ದೋಣಿಗಳ ಸ್ಥಾನವನ್ನು ಕಂಪ್ಯೂಟರ್ ಚಿತ್ರಗಳಲ್ಲಿ ತೋರಿಸಿ, ಟಿವಿ ನೋಡುವವರಿಗೆ ಓಟವನ್ನು ಬಿಡಿಸಿ ಹೇಳಿತು. 2013ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅದೇ ಕಪ್ ನಡೆದಾಗ ಸ್ಟಾನ್ ಹನಿ ಅವರ ತಂಡ ಇನ್ನೂ ಮುಂದೆ ಹೋಯಿತು. ಹೆಲಿಕಾಪ್ಟರ್‌ನಿಂದ ಬರುತ್ತಿದ್ದ ನೇರ ದೃಶ್ಯದ ಮೇಲೆಯೇ ಗಡಿಗೆರೆ, ದೂರದ ಗೆರೆ, ದೋಣಿಯ ಬಾವುಟ ಮತ್ತು ವೇಗ ಮೂಡಿದವು. ನೀರಿನ ಮೇಲೇ ಯಾರೋ ಗೆರೆ ಎಳೆದಂತೆ ಕಾಣುತ್ತಿತ್ತು. ಅಮೆರಿಕದ ಫುಟ್‌ಬಾಲ್ ಪ್ರಸಾರದಲ್ಲಿ ಮೈದಾನದ ಮೇಲೆ ಕಾಣುವ ಹಳದಿ ಗೆರೆಯ ಹಿಂದೆಯೂ ಹನಿ ಅವರ ಕೆಲಸವಿದೆ. ಹನಿ ಸ್ವತಃ ಹೆಸರಾಂತ ನಾವಿಕರು. ಆಟ ಬಲ್ಲವರೇ ನೋಡುಗರ ಜಾಗದಲ್ಲಿ ಕುಳಿತು ಯೋಚಿಸಿದಾಗ ಎಂಥ ಕೆಲಸ ಆಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ನಿಮ್ಮ ಕೈಯಲ್ಲಿ ಹೆಲಿಕಾಪ್ಟರ್ ಇರಲಾರದು. ಆದರೆ ನೀವು ಬರೆಯುವ ಪ್ರತಿ ಶೀರ್ಷಿಕೆ ಮಾಡಬೇಕಾದದ್ದು ಆ ಗೆರೆಗಳ ಕೆಲಸವನ್ನೇ.

ಅದಕ್ಕೊಂದು ಉದಾಹರಣೆ ಕೊಡುತ್ತೇನೆ, ಸಂದರ್ಶನಕ್ಕೂ ನೆರವಾದೀತು. ವೆಂಡೇ ಗ್ಲೋಬ್ ಎಂಬುದು ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಊರಿನಿಂದ ನಾಲ್ಕು ವರ್ಷಕ್ಕೊಮ್ಮೆ ಹೊರಡುವ ಸ್ಪರ್ಧೆ. ಒಬ್ಬರೇ, ಎಲ್ಲೂ ನಿಲ್ಲದೆ, ಯಾರ ನೆರವೂ ಇಲ್ಲದೆ ಭೂಮಿಯನ್ನು ಸುತ್ತಿ ಬರಬೇಕು. 2020ರ ನವೆಂಬರ್ 30ರಂದು ದಕ್ಷಿಣ ಮಹಾಸಾಗರದಲ್ಲಿ ಕೆವಿನ್ ಎಸ್ಕೊಫಿಯೆ ಅವರ ದೋಣಿ ಮುರಿದು ಮುಳುಗಿತು. ಅವರು ಜೀವರಕ್ಷಕ ತೆಪ್ಪಕ್ಕೆ ಹಾರಿದರು. ಅವರನ್ನು ಹುಡುಕಲು ಕೆಲವು ಸ್ಪರ್ಧಿಗಳು ಓಟ ಬಿಟ್ಟು ದಿಕ್ಕು ಬದಲಿಸಿದರು. ಕೊನೆಗೆ ಜಾನ್ ಲ ಕಾಮ್ ಕತ್ತಲಲ್ಲಿ ಅವರನ್ನು ಪತ್ತೆಹಚ್ಚಿ ತಮ್ಮ ದೋಣಿಗೆ ಹತ್ತಿಸಿಕೊಂಡರು. ಹುಡುಕಾಟದಲ್ಲಿ ಕಳೆದ ಹೊತ್ತಿಗೆ ಪ್ರತಿಯಾಗಿ ತೀರ್ಪುಗಾರರು ಸಮಯ ಪರಿಹಾರ ಕೊಟ್ಟರು: ಲ ಕಾಮ್‌ಗೆ 16 ಗಂಟೆ 15 ನಿಮಿಷ, ಯಾನಿಕ್ ಬೆಸ್ತಾವೆನ್‌ಗೆ 10 ಗಂಟೆ 15 ನಿಮಿಷ, ಬೋರಿಸ್ ಹೆರ್ಮನ್‌ಗೆ 6 ಗಂಟೆ. 2021ರ ಜನವರಿ 27ರ ರಾತ್ರಿ ಗೆಲುವಿನ ಗೆರೆಯನ್ನು ಮೊದಲು ದಾಟಿದವರು ಶಾರ್ಲಿ ದಾಲಿನ್. ಬೆಸ್ತಾವೆನ್ ಬಂದದ್ದು ಗಂಟೆಗಳ ನಂತರ, ಮೂರನೆಯವರಾಗಿ. ಆದರೂ ಸ್ಪರ್ಧೆ ಗೆದ್ದವರು ಬೆಸ್ತಾವೆನ್.

ಆ ರಾತ್ರಿ ಸಂವಹನ ವಿಭಾಗದ ಮೇಜಿನ ಮುಂದೆ ನೀವು ಕುಳಿತಿದ್ದೀರಿ ಎಂದುಕೊಳ್ಳಿ. ಮೊದಲು ಬಂದವರ ಪಟಾಕಿ ಬೆಳಕಿನ ಚಿತ್ರ ಜಗತ್ತಿನಾದ್ಯಂತ ಹೋಗುತ್ತಿದೆ, ಅದರ ಕೆಳಗೆ ‘ವಿಜೇತ’ ಎಂಬ ಪದ ಇರಕೂಡದು. ‘ಗೆರೆಯನ್ನು ಮೊದಲು ದಾಟಿದವರು’ ಎಂದಷ್ಟೇ ಬರೆಯಬೇಕು, ಆ ಸಾಧನೆಯ ಗೌರವವೂ ತಗ್ಗಬಾರದು. ಗೆಲುವು ಮೋಸದಿಂದ ಬಂದದ್ದು ಎಂದು ಯಾರಿಗೂ ಅನಿಸಬಾರದು, ಪಾರುಗಾಣಿಕೆಯ ಕಥೆ ಮತ್ತೆ ನೆನಪಾಗಬೇಕು. ಇದೆಲ್ಲ ಆ ರಾತ್ರಿಯೇ ಹೊಳೆಯುವ ಮಾತಲ್ಲ. ಸಮಯ ಪರಿಹಾರದ ತೀರ್ಪು ಡಿಸೆಂಬರ್‌ನಲ್ಲೇ ಬಂದಿತ್ತು. ಅಂದಿನಿಂದಲೇ ಪತ್ರಕರ್ತರಿಗೆ ಅದನ್ನು ವಿವರಿಸುತ್ತ ಬಂದವರಿಗೆ ಮಾತ್ರ ಆ ರಾತ್ರಿ ಗೊಂದಲ ಇರುವುದಿಲ್ಲ. ನಮ್ಮ ಕೆಲಸದಲ್ಲಿ ವಿವರಣೆ ಯಾವಾಗಲೂ ಘಟನೆಗಿಂತ ಮುಂಚೆ ಹೋಗಬೇಕು. ಆಮೇಲೆ ಕೊಟ್ಟ ವಿವರಣೆ ಸಮಜಾಯಿಷಿಯಂತೆ ಕೇಳಿಸುತ್ತದೆ.

ಇನ್ನು ಹಣದ ವಿಷಯ. ಜಾಹೀರಾತು ಕ್ಷೇತ್ರದಿಂದ ಬರುವ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಸಮುದ್ರಕ್ಕೆ ಗೇಟು ಹಾಕಿ ಟಿಕೆಟ್ ಮಾರುವುದು ಕಷ್ಟ. ದಡದಲ್ಲಿ ಆಸನ ಹಾಕಿ ಟಿಕೆಟ್ ಮಾರುವ ಸೇಲ್‌ಜಿಪಿಯಂಥ ಸ್ಪರ್ಧೆಗಳಿವೆ. ಆದರೂ ಒಟ್ಟಾರೆಯಾಗಿ ಈ ಕ್ರೀಡೆ ನಿಂತಿರುವುದು ಪ್ರಾಯೋಜಕರು, ಆತಿಥ್ಯ ವಹಿಸುವ ನಗರಗಳು ಮತ್ತು ಕೆಲವು ಶ್ರೀಮಂತ ಮಾಲೀಕರ ಮೇಲೆ. ಸ್ಪರ್ಧೆಯ ಹೆಸರೇ ಹಣ ಕೊಟ್ಟವರದ್ದಾಗಿರುತ್ತದೆ. 1973ರಲ್ಲಿ ಬಿಯರ್ ತಯಾರಿಕಾ ಸಂಸ್ಥೆಯೊಂದರ ಹೆಸರಿನಲ್ಲಿ ವಿಟ್‌ಬ್ರೆಡ್ ವಿಶ್ವ ಪರ್ಯಟನ ಸ್ಪರ್ಧೆಯಾಗಿ ಆರಂಭವಾದದ್ದು ಮುಂದೆ ವೋಲ್ವೊ ಓಷನ್ ರೇಸ್ ಆಯಿತು. ಈಗ ಅದು ದಿ ಓಷನ್ ರೇಸ್. ವೆಂಡೇ ಗ್ಲೋಬ್‌ನಲ್ಲಂತೂ ದೋಣಿಗಳಿಗೇ ಕಂಪನಿಗಳ ಹೆಸರು. ಬೆಸ್ತಾವೆನ್ ಗೆದ್ದ ದೋಣಿಗೆ ಕೋಳಿ ಮಾಂಸದ ಬ್ರಾಂಡ್ ಒಂದರ ಹೆಸರಿತ್ತು. ಎಸ್ಕೊಫಿಯೆ ಅವರ ಮುಳುಗಿದ ದೋಣಿ ಕಟ್ಟಡ ಸಾಮಗ್ರಿ ತಯಾರಿಸುವ ಪಿಆರ್‌ಬಿ ಸಂಸ್ಥೆಯ ಹೆಸರಿನದು. ಅಂದರೆ ದೋಣಿ ಮುರಿದ ದಿನ ಸುದ್ದಿಯ ಶೀರ್ಷಿಕೆಯಲ್ಲಿ ಮುರಿದದ್ದು ಒಂದು ಕಂಪನಿಯ ಹೆಸರು. ಇಂಥ ದಿನ ಪ್ರಾಯೋಜಕರು ಏನು ಮಾತನಾಡುತ್ತಾರೆ, ಎಷ್ಟು ಬೇಗ ಮಾತನಾಡುತ್ತಾರೆ ಎಂಬುದು ಅವರೊಂದಿಗೆ ಮೊದಲೇ ಕುಳಿತು ತೀರ್ಮಾನಿಸಿಕೊಳ್ಳಬೇಕಾದ ಸಂಗತಿ.

ಪ್ರಾಯೋಜಕರಿಗೆ ಹೇಗೆ ಗಮನ ತಂದುಕೊಡಬಹುದು ಎಂಬುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಬ್ರಿಟನ್ನಿನ ಅಲೆಕ್ಸ್ ಥಾಮ್ಸನ್ 2012ರಲ್ಲಿ ಮಾಡಿದ್ದು. ಹ್ಯೂಗೊ ಬಾಸ್ ಎಂಬ ಉಡುಪಿನ ಕಂಪನಿ ಅವರ ಪ್ರಾಯೋಜಕ. ಓಡುತ್ತಿದ್ದ ದೋಣಿ ಒಂದು ಪಕ್ಕಕ್ಕೆ ವಾಲಿ ಅದರ ತಳದ ಕೀಲ್ (ದೋಣಿ ಮಗುಚದಂತೆ ತಡೆಯುವ ಭಾರದ ರೆಕ್ಕೆ) ನೀರಿನಿಂದ ಮೇಲೆದ್ದಾಗ, ಅವರು ಸೂಟು ತೊಟ್ಟು ಅದರ ಮೇಲೆ ನಡೆದು ಹೋಗಿ ನೀರಿಗೆ ಹಾರಿದರು. ಆ ವಿಡಿಯೊ ನೋಡಿದವರಿಗೆ ಬ್ರಾಂಡ್ ಯಾವುದೆಂದು ಹೇಳಬೇಕಾಗಿರಲಿಲ್ಲ. ಉಡುಪು, ದೋಣಿ ಮತ್ತು ನಾವಿಕನ ಧೈರ್ಯ ಒಂದೇ ಚಿತ್ರದಲ್ಲಿ ಸೇರಿದ್ದವು. ಲೋಗೊವನ್ನು ಎಷ್ಟು ದೊಡ್ಡದು ಮಾಡೋಣ ಎಂಬ ಚರ್ಚೆಯಲ್ಲೇ ಸಭೆಗಳು ಕಳೆದುಹೋಗುವಾಗ ಇದನ್ನು ನೆನಪಿಸಿಕೊಳ್ಳಿ.

ಈಗ ದಿನದ ಕೆಲಸ. ಬೆಳಿಗ್ಗೆ ಹವಾಮಾನದ ಮಾಹಿತಿ ಬರುತ್ತದೆ. ಸ್ಪರ್ಧಾ ಸಮಿತಿಯ ಮುಖ್ಯಸ್ಥರ ಬಳಿ ಹೋಗಿ ಗಾಳಿ ಯಾವಾಗ ಏಳಬಹುದು, ಯಾವ ಪ್ರದೇಶದಲ್ಲಿ ಓಟ ಇಡುತ್ತಾರೆ ಎಂದು ಕೇಳಿ ತಿಳಿದುಕೊಳ್ಳಬೇಕು. ಅದನ್ನು ಎರಡು ಮೂರು ವಾಕ್ಯಗಳಲ್ಲಿ ಪತ್ರಕರ್ತರಿಗೆ, ಪ್ರಸಾರ ತಂಡಕ್ಕೆ, ಪ್ರಾಯೋಜಕರ ಅತಿಥಿಗಳನ್ನು ನೋಡಿಕೊಳ್ಳುವವರಿಗೆ ಕಳಿಸಬೇಕು. ಆಮೇಲೆ ಪತ್ರಕರ್ತರ ದೋಣಿಯ ಉಸ್ತುವಾರಿ. ಗಾಳಿ ತುಂಬಿದ ರಬ್ಬರ್ ಅಂಚಿನ ಪುಟ್ಟ ಮೋಟಾರ್ ದೋಣಿ, ಅದರಲ್ಲಿ ನಾಲ್ಕೈದು ಛಾಯಾಗ್ರಾಹಕರು. ಒಬ್ಬರಿಗೆ ಸೂರ್ಯ ಬೆನ್ನ ಹಿಂದಿರಬೇಕು, ಇನ್ನೊಬ್ಬರಿಗೆ ಹಾಯಿಯ ಮೂಲಕ ಬೆಳಕು ಹಾಯುವುದು ಬೇಕು, ಮತ್ತೊಬ್ಬರಿಗೆ ತಮ್ಮ ದೇಶದ ದೋಣಿ ಬಿಟ್ಟು ಬೇರೇನೂ ಬೇಡ. ಆದರೆ ಆ ದೋಣಿಯ ಚಾಲಕರಿಗೆ ಒಂದೇ ನಿಯಮ: ನಿಮ್ಮ ಅಲೆ ಸ್ಪರ್ಧಿಯ ದಾರಿಗೆ ಅಡ್ಡ ಬರಕೂಡದು, ನಿಮ್ಮ ದೋಣಿ ಅವರ ಗಾಳಿಯನ್ನು ಕೆಡಿಸಕೂಡದು. ತೇಲುಗುರುತಿನ ಬಳಿ ಎಲ್ಲಿ ನಿಂತರೆ ಚಿತ್ರವೂ ಸಿಗುತ್ತದೆ, ಅಡ್ಡಿಯೂ ಆಗುವುದಿಲ್ಲ ಎಂಬುದನ್ನು ಚಾಲಕರನ್ನು ಕೇಳಿ ಕಲಿಯಿರಿ. ಜೀವರಕ್ಷಕ ಅಂಗಿ ಹಾಕದವರು ಎಷ್ಟು ದೊಡ್ಡ ಪತ್ರಿಕೆಯವರಾದರೂ ದೋಣಿ ಹತ್ತುವಂತಿಲ್ಲ. ಅದನ್ನು ಹೇಳುವವರು ನೀವೇ ಆಗಿರುತ್ತೀರಿ, ಮೆತ್ತಗೆ ಹೇಳಿದರೆ ಸಾಲದು.

ಎಷ್ಟೋ ದಿನ ಗಾಳಿಯೇ ಬರುವುದಿಲ್ಲ. ಸಮಿತಿಯ ದೋಣಿಯಲ್ಲಿ ಕೆಂಪು ಬಿಳಿ ಪಟ್ಟೆಯ ಎಪಿ ಪತಾಕೆ ಏರುತ್ತದೆ, ಅಂದರೆ ಆರಂಭ ಮುಂದಕ್ಕೆ ಹೋಗಿದೆ. ಅದರ ಕೆಳಗೆ ‘ಎ’ ಪತಾಕೆಯೂ ಬಂದರೆ ಆ ದಿನ ಓಟವಿಲ್ಲ. ಸಾವಿರಾರು ಜನ ದಡದಲ್ಲಿ, ಅತಿಥಿಗಳು ದೋಣಿಯಲ್ಲಿ, ಪ್ರಸಾರದ ಸಮಯ ನಿಗದಿಯಾಗಿದೆ, ಓಟ ಮಾತ್ರ ಇಲ್ಲ. 2013ರ ಸೆಪ್ಟೆಂಬರ್ 20ರಂದು ಅಮೆರಿಕಾಸ್ ಕಪ್ ಗೆಲ್ಲಲು ನ್ಯೂಜಿಲೆಂಡ್ ತಂಡಕ್ಕೆ ಇನ್ನೊಂದೇ ಜಯ ಬೇಕಿತ್ತು. ಅವರು ಬಹಳ ಮುಂದಿದ್ದರು. ಆದರೆ ಗಾಳಿ ಬಡವಾಗಿ ಓಟ ಮುಗಿಸಲು ಇದ್ದ 40 ನಿಮಿಷದ ಮಿತಿ ಮೀರಿತು, ಓಟ ರದ್ದಾಯಿತು. ಮುಂದೆ ಅಮೆರಿಕದ ಒರಾಕಲ್ ತಂಡ ಸಾಲು ಗೆಲುವುಗಳಿಂದ 9–8ರಲ್ಲಿ ಕಪ್ ಉಳಿಸಿಕೊಂಡಿತು. ಆ ಮಿತಿ ಏಕೆ ಇದೆ ಎಂದು ಮೊದಲೇ ತಿಳಿದಿದ್ದ ನೋಡುಗರಿಗೆ ಅದು ಆ ಕಪ್‌ನ ಅತ್ಯಂತ ರೋಚಕ ಗಳಿಗೆ. ತಿಳಿಯದವರಿಗೆ ಅದೊಂದು ಅನ್ಯಾಯ.

ಆದ್ದರಿಂದ ಗಾಳಿಯಿಲ್ಲದ ದಿನಕ್ಕೆ ಬೇಕಾದ ಬರಹ, ಸಂದರ್ಶನ, ವಿಡಿಯೊಗಳನ್ನು ಸ್ಪರ್ಧೆಗೆ ವಾರಗಳ ಮುಂಚೆಯೇ ಸಿದ್ಧಪಡಿಸಿ. ಹಾಯಿ ಹೊಲಿಯುವವರು, ರಾತ್ರಿಯಿಡೀ ಒಡಕು ಸರಿಪಡಿಸುವ ಕುಶಲಕರ್ಮಿಗಳು, ಹವಾಮಾನ ತಜ್ಞರು — ಇವರ ಕಥೆಗಳು ಓಟವಿರುವ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಓಟವಿಲ್ಲದ ದಿನ ಜನ ಅವನ್ನು ಆಸೆಯಿಂದ ಓದುತ್ತಾರೆ. ಗಾಳಿ ಇಲ್ಲ ಎಂಬುದನ್ನು ಮಾತ್ರ ಮುಚ್ಚಿಡಬೇಡಿ. ‘ಸ್ವಲ್ಪ ಹೊತ್ತಿನಲ್ಲೇ ಆರಂಭ’ ಎಂದು ಗಂಟೆಗಟ್ಟಲೆ ಪ್ರಕಟಿಸುತ್ತ ಕೂತರೆ ಜನ ನಿಮ್ಮ ಮುಂದಿನ ಮಾತನ್ನೂ ನಂಬುವುದಿಲ್ಲ.

ಓಟ ಮುಗಿದ ಮೇಲೆ ಬರುವ ಫಲಿತಾಂಶ ತಾತ್ಕಾಲಿಕ. ಯಾರಾದರೂ ಆಕ್ಷೇಪ ಸಲ್ಲಿಸಬಹುದು, ವಿಚಾರಣೆ ನಡೆಯಬಹುದು, ಗೆದ್ದವರು ಅನರ್ಹರಾಗಬಹುದು. ವಿಚಾರಣೆ ಮುಗಿಯುವ ತನಕ ‘ತಾತ್ಕಾಲಿಕ’ ಎಂಬ ಪದ ನಿಮ್ಮ ಪ್ರಕಟಣೆಯಿಂದ ಅಳಿಯಬಾರದು. ವಿಚಾರಣೆ ಬಾಕಿ ಇರುವಾಗ ಯಾರ ತಪ್ಪು ಎಂದು ಸೂಚಿಸುವ ಒಂದು ಪದವೂ ಸಂಘಟಕರ ಖಾತೆಗಳಿಂದ ಹೊರಗೆ ಹೋಗಬಾರದು. ವರ್ಲ್ಡ್ ಸೇಲಿಂಗ್ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ನಿಯಮಪುಸ್ತಕವನ್ನು ಪರಿಷ್ಕರಿಸುತ್ತದೆ. ಈಗ ಜಾರಿಯಲ್ಲಿರುವುದು 2025–2028ರದ್ದು. ಇಡೀ ಪುಸ್ತಕ ಬಾಯಿಪಾಠ ಆಗಬೇಕಿಲ್ಲ. ಎರಡು ದೋಣಿಗಳು ಎದುರಾದಾಗ ಯಾರಿಗೆ ದಾರಿಯ ಹಕ್ಕು, ಆರಂಭದ ಐದು ನಿಮಿಷದ ಸಂಕೇತಗಳು, ದಂಡನೆ, ಆಕ್ಷೇಪ, ಇಷ್ಟನ್ನು ಓದಿಕೊಳ್ಳಿ.

ಹೊರಗಿನಿಂದ ಬಂದವರು ಊಹಿಸದ ಒಂದು ಗೆರೆ ಇದೆ. ಸ್ಪರ್ಧಿಗೆ ಹೊರಗಿನವರ ನೆರವು ನಿಯಮದ ಪ್ರಕಾರ ನಿಷಿದ್ಧ. ಒಬ್ಬರೇ ಸಾಗರ ದಾಟುತ್ತಿರುವ ನಾವಿಕರೊಂದಿಗೆ ಸಂದರ್ಶನಕ್ಕಾಗಿ ಉಪಗ್ರಹ ಸಂಪರ್ಕದಲ್ಲಿ ಮಾತನಾಡುತ್ತಿದ್ದೀರಿ ಎಂದುಕೊಳ್ಳಿ. ‘ನಿಮ್ಮ ಹಿಂದೆ ದೊಡ್ಡ ಬಿರುಗಾಳಿ ಬರುತ್ತಿದೆಯಂತಲ್ಲ’ ಎಂದು ಕಾಳಜಿಯಿಂದಲೇ ಕೇಳಿದಿರಿ. ವೆಂಡೇ ಗ್ಲೋಬ್‌ನಂಥ ಸ್ಪರ್ಧೆಯಲ್ಲಿ ದಡದಿಂದ ಹವಾಮಾನದ ಮಾರ್ಗದರ್ಶನ ಕೊಡುವಂತಿಲ್ಲ, ಆದ್ದರಿಂದ ನಿಮ್ಮ ಆ ಒಂದು ವಾಕ್ಯ ಅವರಿಗೆ ತೊಂದರೆ ತರಬಹುದು. ‘ಅಲ್ಲಿ ಹೇಗಿದೆ?’ ಎಂದು ಕೇಳಿ, ಕೇಳಿಸಿಕೊಳ್ಳಿ. ಇಂಥದೇ ಒಂದು ಗೆರೆ ದೋಣಿಯಲ್ಲೇ ಇರುವ ವರದಿಗಾರರ ಹುದ್ದೆಗೂ ಇದೆ. ವೋಲ್ವೊ ಓಷನ್ ರೇಸ್ 2008–09ರ ಆವೃತ್ತಿಯಿಂದ ಪ್ರತಿ ದೋಣಿಯಲ್ಲೂ ಮಾಧ್ಯಮಕ್ಕೆಂದೇ ಒಬ್ಬರನ್ನು ಇರಿಸಿತು. ಚಿತ್ರ ತೆಗೆಯುವುದು, ಬರೆಯುವುದು ಅವರ ಕೆಲಸ. ದೋಣಿ ನಡೆಸಲು ಕೈ ಹಾಕುವಂತಿಲ್ಲ.

ಆ ಹುದ್ದೆಯ ಬೆಲೆ ತಿಳಿದದ್ದು 2014ರ ನವೆಂಬರ್ 29ರಂದು. ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ಅದೇ ಸ್ಪರ್ಧೆಯ ವೆಸ್ಟಾಸ್ ವಿಂಡ್ ದೋಣಿ ರಾತ್ರಿ ವೇಗದಲ್ಲಿ ಬಂದು ಅಪ್ಪಳಿಸಿತು. ಒಂಬತ್ತು ಜನರೂ ಬದುಕುಳಿದರು. ಅಪಘಾತದ ಕ್ಷಣಗಳನ್ನು ದೋಣಿಯ ವರದಿಗಾರ ಚಿತ್ರೀಕರಿಸಿದ್ದರು, ಅವು ಪ್ರಕಟವಾದವು. ಸಂಘಟಕರು ಸ್ವತಂತ್ರ ತಜ್ಞರಿಂದ ತನಿಖೆ ಮಾಡಿಸಿ, ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಆ ದಿಬ್ಬ ಹೇಗೆ ಕಣ್ತಪ್ಪಿತು ಎಂಬ ವಿವರಗಳ ವರದಿಯನ್ನೂ ಸಾರ್ವಜನಿಕರ ಮುಂದಿಟ್ಟರು. ಮರುನಿರ್ಮಾಣಗೊಂಡ ದೋಣಿ 2015ರಲ್ಲಿ ಲಿಸ್ಬನ್‌ನಿಂದ ಸ್ಪರ್ಧೆಗೆ ಮರಳಿತು. ಏನೂ ಹೇಳದೆ ಕುಳಿತಿದ್ದರೆ ಆ ಮರಳುವಿಕೆಗೆ ಅಂಥ ಸ್ವಾಗತ ಸಿಗುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ಎಲ್ಲ ಸಂಕಟದಲ್ಲೂ ವಿಡಿಯೊ ಇರುವುದಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ, ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿದ್ದ ಭಾರತೀಯ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿ ಅವರ ದೋಣಿ ಬಿರುಗಾಳಿಗೆ ಉರುಳಿ ಕಂಬಗಳು ಮುರಿದವು. ಬೆನ್ನಿಗೆ ಪೆಟ್ಟಾಗಿ ಅವರು ಏಳಲಾರದೆ ಮಲಗಿದ್ದರು. ಅಲ್ಲಿಂದ ಬಂದದ್ದು ಕೆಲವೇ ಪದಗಳ ಸಂದೇಶಗಳು. ಫ್ರಾನ್ಸಿನ ಒಸಿರಿಸ್ ಹಡಗು ಅವರನ್ನು ತಲುಪಲು ದಿನಗಳೇ ಹಿಡಿದವು. ಇಂಥ ಹೊತ್ತಿನಲ್ಲಿ ದಡದಲ್ಲಿರುವ ನೀವು ಏನು ಮಾಡಬೇಕು? ಮೊದಲು ಕುಟುಂಬಕ್ಕೆ ತಿಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಪಾರುಗಾಣಿಕೆ ನಡೆಸುತ್ತಿರುವ ಅಧಿಕಾರಿಗಳು ಹೇಳಿದ್ದನ್ನು ಮಾತ್ರ, ಅವರೊಂದಿಗೆ ತಾಳೆ ನೋಡಿ, ಹೊತ್ತು ನಮೂದಿಸಿ ಹೇಳಬೇಕು. ಮುಂದಿನ ಮಾಹಿತಿ ಎಷ್ಟು ಹೊತ್ತಿಗೆ ಎಂದು ತಿಳಿಸಿ, ಹೊಸದೇನೂ ಇಲ್ಲದಿದ್ದರೂ ಆ ಹೊತ್ತಿಗೆ ಬಂದು ಅದನ್ನೇ ಹೇಳಬೇಕು. ‘ಅವರು ಚೆನ್ನಾಗಿದ್ದಾರೆ’ ಎಂದು ಸಮಾಧಾನಕ್ಕಾಗಿ ಬರೆಯಬೇಡಿ. ಪ್ರಾಯೋಜಕರ ಲೋಗೊ ಇರುವ ಮೊದಲೇ ಹೊಂದಿಸಿಟ್ಟ ಪೋಸ್ಟ್‌ಗಳೆಲ್ಲ ಆ ಕ್ಷಣವೇ ನಿಲ್ಲಬೇಕು. ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂದು ಸ್ಪರ್ಧೆಗೆ ಮುಂಚೆಯೇ ಬರೆದಿಟ್ಟಿರಬೇಕು. ಒಳ್ಳೆಯ ಸಂವಹನ ವಿಭಾಗವನ್ನು ನಾನು ಅಳೆಯುವುದು ಈ ಒಂದು ಕಾಗದ ಅವರ ಬಳಿ ಇದೆಯೇ ಎಂಬುದರಿಂದ.

ಪರಿಸರದ ಮಾತು ಈ ಕ್ರೀಡೆಯಲ್ಲಿ ಬಹಳ ಕೇಳಿಬರುತ್ತದೆ. ಓಷನ್ ರೇಸ್‌ನ ಕೆಲವು ದೋಣಿಗಳು 2017–18ರಿಂದ ಸಾಗರದ ನೀರಿನಲ್ಲಿರುವ ಮೈಕ್ರೋಪ್ಲಾಸ್ಟಿಕ್ ಅಳೆಯುವ ಉಪಕರಣ ಹೊತ್ತು ಸಾಗಿವೆ. ಹೋಗುವವರೇ ಇಲ್ಲದ ನೀರಿನ ಮಾದರಿ ಸಿಗುವುದು ನಿಜವಾದ ಸಾಧನೆ, ಹೆಮ್ಮೆಯಿಂದ ಹೇಳಿ. ಅದೇ ಉಸಿರಿನಲ್ಲಿ ಇಡೀ ಸ್ಪರ್ಧೆಯೇ ಹಸಿರು ಎಂದು ಹೇಳಬೇಡಿ. ಸ್ಪರ್ಧೆಗಾಗಿ ಹಡಗು, ವಿಮಾನಗಳಲ್ಲಿ ಸಾಗುವ ಸರಕನ್ನು ಓದುಗರು ನೋಡುತ್ತಿರುತ್ತಾರೆ.

ಕೆಲಸ ಮುಗಿದುಹೋಗುತ್ತದೆಯೇ ಎಂಬ ಭಯಕ್ಕೆ ಬರುತ್ತೇನೆ. ಹೌದು, ಹೆಚ್ಚಿನವು ಒಪ್ಪಂದದ ಕೆಲಸಗಳು. ಸ್ಪರ್ಧೆಗೆ ಮುಂಚಿನ ತಿಂಗಳುಗಳಲ್ಲಿ ತಂಡ ಬೆಳೆಯುತ್ತದೆ, ಮುಗಿದೊಡನೆ ಕರಗುತ್ತದೆ. ಆದರೆ ಈ ಲೋಕ ಚಿಕ್ಕದು, ಅದೇ ಮುಖಗಳು ಮತ್ತೆ ಮತ್ತೆ ಸಿಗುತ್ತವೆ. ಒಂದು ಸ್ಪರ್ಧೆಯಲ್ಲಿ ಸಮಯಕ್ಕೆ ಸರಿಯಾಗಿ, ತಪ್ಪಿಲ್ಲದೆ ಬರೆದವರನ್ನು ಇನ್ನೊಂದು ತಂಡದವರು ತಾವಾಗಿ ಕರೆಯುತ್ತಾರೆ. ಸ್ಪರ್ಧೆಗಳ ನಡುವಿನ ಬಿಡುವಿಗೆ ಉಳಿತಾಯ ಬೇಕು, ಮನೆಯಿಂದ ದೂರ ಇರುವುದಕ್ಕೆ ಮನೆಯವರ ಒಪ್ಪಿಗೆಯೂ ಬೇಕು. ನಿಶ್ಚಿತ ಸಂಬಳ ಈಗ ನಿಮಗೆ ಅನಿವಾರ್ಯವಾಗಿದ್ದರೆ, ಪ್ರಾಯೋಜಕ ಸಂಸ್ಥೆಯ ಕಡೆಯಿಂದ ಅಥವಾ ವರ್ಷವಿಡೀ ನಡೆಯುವ ಸರಣಿಯಲ್ಲಿ ಕೆಲಸ ಹುಡುಕುವುದು ಮೇಲು.

ಸಂದರ್ಶನಕ್ಕೆ ಮುಂಚೆ ಯಾವುದಾದರೂ ಒಂದು ಓಟದ ಪೂರ್ತಿ ಪ್ರಸಾರ ನೋಡಿ, ಅದರ ಬಗ್ಗೆ ಎರಡು ಬರಹ ಬರೆಯಿರಿ. ಒಂದು ಕ್ರೀಡಾ ವರದಿಗಾರರಿಗೆ, ಇನ್ನೊಂದು ಹಾಯಿದೋಣಿಯನ್ನೇ ನೋಡದವರಿಗೆ. ಎರಡನೆಯದನ್ನು ಆಟ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು, ಅವರು ಎಲ್ಲಿ ನಿಂತರು ಎಂದು ಗಮನಿಸಿ ತಿದ್ದಿ. ಹತ್ತಿರದಲ್ಲಿ ಎಲ್ಲಾದರೂ ಕ್ಲಬ್ ಮಟ್ಟದ ರೆಗಟ್ಟಾ ನಡೆಯುತ್ತಿದ್ದರೆ ಸ್ವಯಂಸೇವಕರಾಗಿ ಹೋಗಿ. ಸಮಿತಿಯ ದೋಣಿಯಲ್ಲಿ ಪತಾಕೆ ಏರಿಸುವ ಕೆಲಸ ಸಿಕ್ಕರಂತೂ ನಿಯಮಗಳು ತಾವಾಗಿ ತಲೆಗೆ ಹತ್ತುತ್ತವೆ.

ನೀವೂ ಅವರನ್ನು ಕೆಲವು ಪ್ರಶ್ನೆ ಕೇಳಿ. ಅಪಘಾತದ ದಿನ ಪ್ರಕಟಣೆಗೆ ಒಪ್ಪಿಗೆ ಕೊಡುವವರು ಯಾರು, ಅವರು ರಾತ್ರಿಯೂ ಫೋನಿಗೆ ಸಿಗುತ್ತಾರೆಯೇ? ದೃಶ್ಯಗಳ ಹಕ್ಕು ಯಾರದು, ತಂಡಗಳು ಅವನ್ನು ಎಷ್ಟು ಹೊತ್ತಿಗೆ ಬಳಸಬಹುದು? ಯಶಸ್ಸನ್ನು ಯಾವುದರಿಂದ ಅಳೆಯುತ್ತೀರಿ: ಪ್ರಾಯೋಜಕರ ಲೋಗೊ ಕಂಡ ಸೆಕೆಂಡುಗಳಿಂದಲೋ, ಮರುದಿನವೂ ನೋಡಲು ಬಂದ ಜನರಿಂದಲೋ? ಒಪ್ಪಂದದಲ್ಲಿ ಪ್ರಯಾಣ, ವಸತಿ, ವಿಮೆ ಸ್ಪಷ್ಟವಾಗಿ ನಮೂದಾಗಿದೆಯೇ ನೋಡಿ, ಅದರಲ್ಲೂ ನೀರಿನ ಮೇಲೆ ಮಾಡುವ ಕೆಲಸಕ್ಕೆ ವಿಮೆ ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲೇ ಕೇಳಿ ಪಡೆದುಕೊಳ್ಳಿ. ಈಜು ಬಾರದಿದ್ದರೆ ಇಂದೇ ಕಲಿಯಲು ಶುರುಮಾಡಿ.